‘ಸರಿ’ ಒತ್ತಿದ ಹೆಂಡತಿ

ನನ್ನ ಹೆಂಡತಿಯ ಎಡಗಣ್ಣಿನ ಪೊರೆ ತೆಗೆಸಲು ವಿಜಯನಗರದ ಒಂದು ಕಣ್ಣಾಸ್ಪತ್ರೆಯಲ್ಲಿ ಮಂಗಳವಾರ ಬೆಳಿಗ್ಗೆಗೆ ಸಮಯ ಸಿಕ್ಕಿತ್ತು. ಬುಕಿಂಗ್ ಎಲ್ಲ ಮೊಬೈಲಿನ ಆ್ಯಪ್‌ನಲ್ಲೇ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ ಹೋದೆವು. ಕೌಂಟರಿನ ಹುಡುಗಿ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

“ಸಾರ್, ಇದು ಭಾನುವಾರಾನೇ ಕ್ಯಾನ್ಸಲ್ ಆಗಿದೆ. ನಿಮ್ ಮೊಬೈಲಿಂದಾನೇ ಮಾಡಿರೋದು.”

ನಾನು ಮಾಡಿರಲಿಲ್ಲ. ಆ ಮೊಬೈಲು ಮುಟ್ಟುವವರು ಮನೆಯಲ್ಲಿ ನಾವಿಬ್ಬರೇ.

“ನೀನೇನಾದ್ರೂ ಮಾಡಿದ್ಯಾ?” ಎಂದೆ.

“ಟೈಮ್ ಎಷ್ಟು ಅಂತ ನೋಡ್ದೆ, ಅಷ್ಟೇ ಕಣ್ರೀ.”

ನಂಬಲಿಲ್ಲ. ಆಪರೇಷನ್ ಎಂದರೆ ಅವಳಿಗೆ ಮೊದಲಿನಿಂದಲೂ ಹೆದರಿಕೆ. ‘ಇನ್ನೊಂದ್ ವರ್ಷ ತಡೆದ್ರೆ ಆಗಲ್ವಾ’ ಎಂದು ತಿಂಗಳಿಂದ ಕೇಳುತ್ತಿದ್ದಳು. ಮುಂದಿನ ಮಂಗಳವಾರಕ್ಕೆ ಹೊಸ ಬುಕಿಂಗ್ ಮಾಡಿಸಿ ಮನೆಗೆ ಬಂದೆವು. ಆಮೇಲೆ, ಅವಳು ಹಿಂದೆ ಮಾಡಿದ್ದೆಲ್ಲ ನನಗೆ ಸಾಕ್ಷಿಯಂತೆ ಕಾಣತೊಡಗಿತು. ಬುಧವಾರದ ಊಟಕ್ಕೆ ತನ್ನ ತಂಗಿಯನ್ನು ಕರೆದಿದ್ದಳಲ್ಲ, ಆಪರೇಷನ್ ಆಗುವುದಿಲ್ಲವೆಂದು ಗೊತ್ತಿದ್ದೇ ಕರೆದಳೇ? ಆ ಬೆಳಿಗ್ಗೆ ಅಷ್ಟು ನೆಮ್ಮದಿಯಾಗಿ ತಲೆ ಬಾಚಿಕೊಂಡದ್ದೇಕೆ? ಮೊಬೈಲನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಅವಳು ಅದನ್ನು ಗಮನಿಸಿದಳು.

ಶುಕ್ರವಾರ ಹೊಸ ಸಮಯ ಖಾತ್ರಿ ಮಾಡಿಕೊಳ್ಳೋಣವೆಂದು ಆ್ಯಪ್ ತೆರೆದೆ. ಸಮಯದ ಪಕ್ಕದಲ್ಲೇ ಇದ್ದ ಸಣ್ಣ ಗುರುತಿಗೆ ಹೆಬ್ಬೆರಳು ತಾಗಿತು. ‘ಬುಕಿಂಗ್ ರದ್ದು ಮಾಡಬೇಕೇ?’ ಎಂದು ಬಂತು. ಕೆಳಗೆ ಎರಡು ಗುಂಡಿ: ‘ರದ್ದು’, ‘ಸರಿ’. ಎರಡೂ ಒಂದೇ ನೀಲಿ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವನು ನಾನು. ಯಂತ್ರ ನಿಲ್ಲಿಸುವ ಗುಂಡಿ ಕೆಂಪು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಮಾತ್ರ ಬೆರಳು ‘ಸರಿ’ಯ ಮೇಲೆ ಹೋಗಿ ನಿಂತುಬಿಟ್ಟಿತು.

ಅಡುಗೆಮನೆಗೆ ಹೋಗಿ ತೋರಿಸಿದೆ. “ಆವತ್ತು ಇದೇ ಬಂತಾ?”

ಅವಳು ಮೊಬೈಲನ್ನು ದೂರ ಹಿಡಿದು, ಎಡಗಣ್ಣು ಮುಚ್ಚಿ ಓದಿದಳು. “ಹೂಂ, ಇದೇ. ‘ರದ್ದು’ ಒತ್ತಿದ್ರೆ ಎಲ್ಲಿ ರದ್ದಾಗ್ಬಿಡುತ್ತೋ ಅಂತ ‘ಸರಿ’ ಒತ್ತಿದೆ.”

ಬುಕಿಂಗ್ ರದ್ದಾದದ್ದು ಆ ‘ಸರಿ’ಯಿಂದಲೇ. ನಾನೂ ಅದನ್ನೇ ಒತ್ತುವವನಿದ್ದೆ. ಏನನ್ನೂ ಒತ್ತದೆ ಆ್ಯಪ್ ಮುಚ್ಚಿದೆ.

“ನನ್ ಮೇಲೆ ಅನುಮಾನ ಪಟ್ರಿ, ಅಲ್ವಾ?”

“ಪಟ್ಟೆ. ತಪ್ಪಾಯ್ತು.”

“ಭಯ ಇದ್ದಿದ್ದು ನಿಜ. ಆದ್ರೆ ನಿಮಗ್ ಹೇಳ್ದೆ ಮಾಡ್ತೀನಾ?” ಎಂದು ಅವಳು ಒಲೆಯ ಕಡೆ ತಿರುಗಿದಳು.

ಮಂಗಳವಾರ ಆಪರೇಷನ್ ಸುಸೂತ್ರವಾಗಿ ಆಯಿತು. ಹೊರಡುವಾಗ ಅವಳೇ ಕೌಂಟರಿಗೆ ಹೋಗಿ ಗುಂಡಿಗಳ ವಿಷಯ ಹೇಳಿದಳು.

“ಅಯ್ಯೋ ಆಂಟಿ, ವಾರಕ್ಕೊಬ್ರಾದ್ರೂ ಹಿಂಗೇ ಮಾಡ್ಕೊಂಡು ಬರ್ತಾರೆ,” ಎಂದು ಹುಡುಗಿ ನಕ್ಕಳು.

ನನ್ನ ಹೆಂಡತಿ ನಗಲಿಲ್ಲ. “ಮತ್ತೆ ಆವತ್ತೇ ಇವ್ರಿಗೆ ಯಾಕಮ್ಮ ಹೇಳ್ಲಿಲ್ಲ?” ಎಂದಳು.