ಮೂರೇ ದಿನದ ದಡಾರ

ಮೊದಲು ಕೈಗೆ ಸಿಕ್ಕಿದ್ದು ಕಿವಿಯ ಹಿಂದಿನ ಗಂಟು. ಜಡೆ ಹೆಣೆದುಕೊಳ್ಳುತ್ತಿದ್ದೆ, ಅವರೆಕಾಳಿನಷ್ಟು ದಪ್ಪದ್ದೇನೋ ಬೆರಳಿಗೆ ತಾಗಿತು. ಎರಡೂ ಕಡೆ. ಒತ್ತಿದರೆ ನೋವು. ಮಾರನೆಯ ಬೆಳಿಗ್ಗೆ ಮುಖದ ಮೇಲೆ ಸಣ್ಣಗೆ ಕೆಂಪು ಗಂಧೆ, ಸಂಜೆಗೆ ಬೆನ್ನಿಗೂ ಇಳಿಯಿತು. ಜ್ವರ ಅಂಥದ್ದೇನಿರಲಿಲ್ಲ. ಮೂರು ದಿನಕ್ಕೆ ಎಲ್ಲ ಮಾಯ. ನಾಲ್ಕನೆಯ ದಿನ ಎಂದಿನಂತೆ ಮುದ್ದೆ ತೊಳಸಿದೆ.

ಆಗ ನನಗೆ ಎರಡು ತಿಂಗಳು ತುಂಬಿತ್ತು.

ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ತಾವರೆಕೆರೆಯ ನಮ್ಮ ಪಕ್ಕದ ಮನೆಯ ಮಕ್ಕಳಿಗೆ ಅಮ್ಮ ಬಂದಿದ್ದಳು. ಮೈಮೇಲೆ ಏನು ಎದ್ದರೂ ನಮ್ಮ ಕಡೆ ಅದು ಅಮ್ಮನೇ. ಬಾಗಿಲಿಗೆ ಬೇವು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಡಾಕ್ಟರ ಹೆಸರೆತ್ತುವುದಿಲ್ಲ. ಅಂಥ ಮನೆಗೆ ಬಸುರಿ ಸೊಸೆಯ ಕೈಯಲ್ಲಿ ಮೊಸರನ್ನ ಕಳಿಸಿದರೆ ಬಸಿರು ತಂಪಾಗಿರುತ್ತದೆ ಎಂದು ನಮ್ಮ ಅತ್ತೆಯ ಮನೆತನದ ನಂಬಿಕೆ. ಅತ್ತೆ ಕಳಿಸಿದರು. ನಾನೋ, ಬಾಗಿಲಲ್ಲಿಟ್ಟು ಬರುವ ಬದಲು ಒಳಗೆ ಕೂತು ಮಕ್ಕಳಿಗೆ ತುತ್ತಿಟ್ಟೆ, ಸೆರಗಿನಲ್ಲಿ ಬಾಯಿ ಒರೆಸಿದೆ. ಅದಾಗಿ ಎರಡು ವಾರಕ್ಕೆ ಕಿವಿಯ ಹಿಂದೆ ಗಂಟು.

ಏಳನೆಯ ತಿಂಗಳಲ್ಲಿ ಸಿರಾ ಆಸ್ಪತ್ರೆಗೆ ಹೋದೆವು. ಯುದ್ಧ ಮುಗಿದ ಮರುವರ್ಷ ಅದು. ಲೇಡಿ ಡಾಕ್ಟರು ಮಧ್ಯದಲ್ಲಿ ಕಾಯಿಲೆಯೇನಾದರೂ ಆಗಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ನಮ್ಮ ಮನೆಯವರು ಸ್ಕೂಲ್ ಮೇಷ್ಟ್ರು, ಯಾವ ಪ್ರಶ್ನೆಗೂ ಪೂರ್ತಿ ಉತ್ತರ ಹೇಳದೆ ಬಿಡುವವರಲ್ಲ. "ಮೂರು ದಿನ ದಡಾರ ಎದ್ದಿತ್ತು, ಮೇಡಂ" ಎಂದರು.

ಡಾಕ್ಟರ ಪೆನ್ನು ನಿಂತಿತು.

"ಅದು ಜರ್ಮನ್ ಮೀಸಲ್ಸ್ ಇರಬಹುದು. ಇದು ಬಂದ ತಾಯಂದಿರ ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಕಣ್ಣಲ್ಲಿ ಪೊರೆ ಇರುತ್ತೆ ಅಂತ ಆಸ್ಟ್ರೇಲಿಯಾದ ಡಾಕ್ಟರು ಬರೆದಿದ್ದಾರೆ. ಕಿವಿಗೆ, ಹಾರ್ಟಿಗೂ ತೊಂದರೆ ಆಗಬಹುದು. ಎಲ್ಲರಿಗೂ ಆಗೋದಿಲ್ಲಮ್ಮ. ಮಗು ಹುಟ್ಟಿದ ಮೇಲೆ ಬೆಳಕಲ್ಲಿ ಕಣ್ಣು ನೋಡಿ. ಗುಡ್ಡೆ ನಡುವೆ ಬೆಳ್ಳಗೆ ಕಂಡರೆ ತಡ ಮಾಡಬೇಡಿ."

ಆಮೇಲಿನ ಎರಡು ತಿಂಗಳು ಹೇಗೆ ಕಳೆದೆನೋ. ಅತ್ತೆಯ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ಯಾರಿಗೋ ಒಳ್ಳೆಯದಾಗಲಿ ಎಂದು ಮಾಡಿದ ಕೆಲಸ ಹೊಟ್ಟೆಯೊಳಗಿನ ಕೂಸಿಗೆ ಮುಳುವಾಗುವುದಾದರೆ ಇನ್ನು ಯಾವುದನ್ನು ನಂಬಿ ಬದುಕುವುದು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹೆರಿಗೆ ನೋವು ಬಂತು.

ಹೆಣ್ಣು ಮಗು. ಸಣ್ಣದು. ಬಾಣಂತಿ ಕೋಣೆಗೆ ಬೆಳಕು ಬಿಡಬಾರದೆಂದು ಅತ್ತೆ ಕಿಟಕಿಗೆ ಕಂಬಳಿ ಕಟ್ಟಿದ್ದರು. ಮೂರನೆಯ ದಿನ ಅವರು ಬಾವಿಗೆ ಹೋದಾಗ ಕಂಬಳಿ ಕಿತ್ತು ಮಗುವನ್ನು ಎತ್ತಿ ಹಿಡಿದೆ.

ಎರಡೂ ಗುಡ್ಡೆಗಳ ನಡುವೆ ಹಾಲಿನ ಹನಿ.

ಅತ್ತೆ ಬಂದು ನೋಡಿದರು. ಕೊಡ ಇಳಿಸುವುದನ್ನೂ ಮರೆತು ನಿಂತರು. "ಅಮ್ಮ ಮುಟ್ಟಿರೋ ಕಣ್ಣು ಕಣಮ್ಮ. ಕಬ್ಬಿಣ ಸೋಕಿಸ್ಬಾರ್ದು. ಬೆಳ್ಳಿ ಕಣ್ಣು ಒಪ್ಪಿಸ್ತೀನಿ, ಅವ್ಳೇ ವಾಸಿ ಮಾಡ್ತಾಳೆ ಬುಡು."

"ಬೆಳ್ಳಿ ಕಣ್ಣು ಅಮ್ಮಂಗಾಯ್ತು. ನನ್ನ ಮಗೀಗೆ ಯಾವ ಕಣ್ಣು, ಅತ್ತೆಮ್ಮ?" ಎಂದೆ.

ಅಲ್ಲಿಯವರೆಗೆ ಎದುರಾಡಿದವಳಲ್ಲ ನಾನು. ಆಮೇಲೆ ನಿಲ್ಲಿಸಿಯೂ ಇಲ್ಲ. ಎರಡು ದಿನ ಅತ್ತೆ ಮಾತು ಬಿಟ್ಟರು. ಮೂರನೆಯ ದಿನ ಬಳಿಗೆ ಬಂದು ಕೂತರು. "ಮೊಸ್ರನ್ನ ಕೊಟ್ ಕಳ್ಸಿದ್ ಕೈ ನಂದು. ಎಲ್ಲಿಗ್ ಹೋಗ್ಬೇಕೋ ಹೇಳು, ನಾನೂ ಬತ್ತೀನಿ." ಅಷ್ಟು ಹೇಳಿ ಅತ್ತರು. ನನಗೂ ಅಳು ಬಂತು. ನನ್ನ ಸಿಟ್ಟೂ ಅಲ್ಲಿಗೆ ಕರಗಿತು.

ಇದ್ದಿಲು ಉರಿಸಿ ಓಡಿಸುವ ಬಸ್ಸಿನ ಹೊಗೆಗೆ ಕೆಮ್ಮುತ್ತ ಬೆಂಗಳೂರಿಗೆ ಹೋದೆವು. ಕಣ್ಣಿನ ಡಾಕ್ಟರು ಮಗುವಿನ ಎದೆಯನ್ನು ತುಂಬಾ ಹೊತ್ತು ಆಲಿಸಿದರು. ಹಾರ್ಟ್ ಗಟ್ಟಿಯಾಗಿದೆ, ತೂಕ ಬರಲಿ, ಆಮೇಲೆ ಆಪರೇಷನ್ ಎಂದರು. ಹಾಲು ಕುಡಿಸುವುದೇ ನನ್ನ ಕಸುಬಾಯಿತು. ಆರನೆಯ ತಿಂಗಳಲ್ಲಿ ಒಂದು ಕಣ್ಣು, ಮುಂದಿನ ತಿಂಗಳು ಇನ್ನೊಂದು. ಮಗು ಬ್ಯಾಂಡೇಜ್ ಕೀಳದಂತೆ ಕೈ ಕಟ್ಟಬೇಕು ಎಂದಳು ನರ್ಸು. ಕಟ್ಟಲು ಅತ್ತೆ ಬಿಡಲಿಲ್ಲ. ನಿದ್ದೆ ಊಟ ಬಿಟ್ಟು ಆ ಎರಡು ಪುಟ್ಟ ಕೈಗಳನ್ನು ತಮ್ಮ ಕೈಯಲ್ಲೇ ಹಿಡಿದು ಕೂತರು. ಕಬ್ಬಿಣ ಸೋಕಬಾರದು ಎಂದವರೇ ಡಾಕ್ಟರಿಗೆ ಕೈ ಮುಗಿದರು.

"ಎಷ್ಟು ಕಾಣುತ್ತೋ ಕಾದು ನೋಡೋಣ" ಎಂದು ಡಾಕ್ಟರು ಕಳಿಸಿಕೊಟ್ಟರು. ಸ್ವಲ್ಪ ದೊಡ್ಡವಳಾದ ಮೇಲೆ ದಪ್ಪ ಗಾಜಿನ ಕನ್ನಡಕ ಬೇಕಂತೆ. ಎಡಗಿವಿ ಕೇಳುವಂತೆ ತೋರುವುದಿಲ್ಲ. ಇರಲಿ, ಬಲಗಿವಿಗೇ ಕೂಗುತ್ತೇವೆ.

ಊರಿಗೆ ಬಂದು ದಿನಾ ಕಾದೆವು. ಕಣ್ಣೆದುರು ಕೈಯಾಡಿಸಿದರೆ ಮಗು ಒಮ್ಮೆ ನೋಡಿದಂತೆ, ಒಮ್ಮೆ ನೋಡದಂತೆ. ಹೋದ ಸೋಮವಾರ ಅಂಗಳದಲ್ಲಿ ಚಾಪೆಯ ಮೇಲೆ ಒಣಮೆಣಸಿನಕಾಯಿ ಹರಡಿದ್ದೆ. ಜಗಲಿಯ ಪಕ್ಕ ಅಂಬೆಗಾಲಿಡುತ್ತಿದ್ದ ನಮ್ಮ ಕೂಸು ಗಿರಿಜೆ ನಿಂತಳು. ತಲೆ ವಾಲಿಸಿದಳು. ಆಮೇಲೆ ನೆಟ್ಟಗೆ, ಎಲ್ಲೂ ತಡವರಿಸದೆ, ಆ ಕೆಂಪಿನ ಕಡೆಗೆ ಹೋದಳು. ಒಂದನ್ನು ಹಿಡಿದಳು. ಕಚ್ಚಿದಳು.

ಬೀದಿಯೆಲ್ಲ ಕೇಳುವಂತೆ ಅರಚಿದಳು.

"ಕಂಡವ್ಳೆ ಕಣಮ್ಮ! ಕಣ್ಣು ಕಾಣ್ತವೆ!" ಎಂದು ಅತ್ತೆ ಅಳುವ ಮಗುವನ್ನು ಎತ್ತಿಕೊಂಡು ಮನೆಮನೆಯ ಬಾಗಿಲಿಗೆ ಓಡಿದರು, ಬಾಯಿ ತೊಳೆಯಬೇಕೆಂಬ ಜ್ಞಾನವೂ ಇಲ್ಲದೆ. ನಾನು ನಗುತ್ತ, ಅಳುತ್ತ, ಬೆಲ್ಲದ ಚೂರು ಹಿಡಿದು ಹಿಂದೆ ಓಡಿದೆ. ಬಾಯಿಗಿಡಲಿಲ್ಲ. ಒಂದು ಮೊಳ ದೂರದಲ್ಲಿ ಹಿಡಿದು, ಏನೂ ಹೇಳದೆ, ಸುಮ್ಮನೆ ನಿಂತೆ.

ಅಳುತ್ತಲೇ ಕೈ ಚಾಚಿದಳು.