ನಿಕಾನೋರ್ ತಂದಿಟ್ಟ ಕೊಂಬಿನ ಓತಿ

ನಿಕಾನೋರ್ ಸಾಯುವ ಹಿಂದಿನ ದಿನ ನಾವಿಬ್ಬರೂ ಇರುವೆಯ ವಿಷಯಕ್ಕೆ ಜಗಳವಾಡಿದೆವು.

ಬಟ್ಟೆ ಒಣಹಾಕುವ ತಂತಿಯ ಕೆಳಗೇ ಕೆಂಪಿರುವೆಗಳ ಗೂಡು. ಅಂಗಳದಲ್ಲಿ ಬೇಕಾದಷ್ಟು ಜಾಗವಿತ್ತು, ಅವಕ್ಕೆ ಅದೇ ಬೇಕಾಗಿತ್ತು. ಒಂದು ಕಚ್ಚಿದರೆ ಸಂಜೆಯವರೆಗೆ ಉರಿ, ತೊಡೆಯ ಸಂದಿಯವರೆಗೆ ಸೆಳೆತ. ಔಷಧಿ ತಾ ಎಂದು ವರ್ಷಗಟ್ಟಲೆ ಹೇಳಿದ್ದೆ.

"ತಂತೀನೇ ಆ ಕಡೆ ಕಟ್ಕೊಡ್ತೀನಿ ಬಿಡೇ," ಅಂದ.

"ಮನೆ ಯಾರದು? ಇರುವೇದಾ, ನಂದಾ?"

"ಅವು ಮೊದ್ಲಿಂದ ಇವೆ, ಮುದುಕಿ."

"ನಾನೂ ಮದುವೆ ಆದಾಗ್ನಿಂದ ಇದೀನಿ."

"ಹೂಂ. ನೀನೂ ಕಚ್ತೀಯ. ನಿಂಗೇನು ಔಷಧಿ ಹಾಕಿದ್ನಾ?"

ಅಷ್ಟು ಹೇಳಿ ಕಾಫಿ ಕುಡಿದು, ರೊಟ್ಟಿ ಬುತ್ತಿ ತೆಗೆದುಕೊಂಡು, ಎರಡು ಕತ್ತೆಗಳನ್ನು ಹೊಡೆದುಕೊಂಡು ಗುಡ್ಡಕ್ಕೆ ಹೋದ.

ಕೊವಾವಿಲಾ ಸೀಮೆಯ ನಮ್ಮ ಊರಿನಲ್ಲಿ ಗಂಡಸರಿಗೆ ಇರುವುದು ಮೇಣದ ಕೆಲಸ ಒಂದೇ. ಗುಡ್ಡದಲ್ಲಿ ಎಲೆಯಿಲ್ಲದ, ಬರೀ ಕಡ್ಡಿಯಂಥ ಗಿಡ ಬೆಳೆಯುತ್ತದೆ. ಅದನ್ನು ಕಿತ್ತು ಕತ್ತೆಯ ಮೇಲೆ ಹೇರಿ ತಂದು, ಕೊಪ್ಪರಿಗೆಯಲ್ಲಿ ಆಸಿಡ್ ಹಾಕಿ ಕುದಿಸಿ, ಮೇಲೆ ತೇಲುವ ಮೇಣವನ್ನು ತೆಗೆಯಬೇಕು. ಅವನ ಅಪ್ಪ ಅದನ್ನೇ ಮಾಡಿದ್ದ. ತಮ್ಮ ಎಲೆನೋ ಈಗಲೂ ಮಾಡುತ್ತಾನೆ. ಆಸಿಡ್ ಸಿಡಿದು ನಿಕಾನೋರನ ಅಂಗಿಗಳೆಲ್ಲ ಜರಡಿಯಾಗಿದ್ದವು. ತೇಪೆ ಹಾಕುತ್ತೇನೆ ಎಂದರೆ ಬೇಡ ಎನ್ನುತ್ತಿದ್ದ, ಗಾಳಿ ಆಡುತ್ತದಂತೆ. ಕುಡಿಯುತ್ತಿದ್ದ, ಹಬ್ಬಕ್ಕೆ ಮಾತ್ರ. ಹಾಡುತ್ತಿದ್ದ, ಕತ್ತೆಗಳ ಮುಂದೆ ಮಾತ್ರ.

ಅವನಲ್ಲಿ ಬೇರೆಯವರಿಗಿಲ್ಲದ ಗುಣ ಏನಿತ್ತು ಎಂದು ಕೇಳಿದರೆ ಒಂದನ್ನು ಹೇಳಬಹುದು. ದಾರಿಯಲ್ಲಿ ಕೊಂಬಿನ ಓತಿ ಕೂತಿದ್ದರೆ ಹೊರೆ ಹೊತ್ತ ಕತ್ತೆಗಳನ್ನು ಸುತ್ತು ಹಾಕಿಸಿ ಕರೆದೊಯ್ಯುತ್ತಿದ್ದ. ಕೊಂಬಿದೆಯಲ್ಲ, ನಮ್ಮ ಕಡೆ ಆ ಓತಿಗೆ ಮಾತೆ ಮರಿಯಮ್ಮನ ಹೋರಿ ಎನ್ನುತ್ತಾರೆ; ಹಾಗಾಗಿ ಊರವರು ಅದನ್ನು ಭಕ್ತಿ ಎಂದುಕೊಂಡಿದ್ದರು. ಭಕ್ತಿಯೇನೂ ಅಲ್ಲ. "ಅದಂತೂ ಏಳಲ್ಲ, ಇನ್ನೇನ್ ಮಾಡೋದು" ಎನ್ನುತ್ತಿದ್ದ.

ಏಳುವುದಿಲ್ಲ, ನಿಜ. ಅಂಗೈಯಗಲದ ಪ್ರಾಣಿ. ಯಾರೋ ಮೇಲೆ ಕೂತು ಎದ್ದ ಹಾಗೆ ಚಪ್ಪಟೆ. ತಲೆಯ ಹಿಂದೆ ಮುಳ್ಳಿನ ಕಿರೀಟ, ಮೈಯಂಚಿಗೂ ಮುಳ್ಳು. ನೆಲದ ಬಣ್ಣವೇ ಅದರ ಬಣ್ಣ. ಕಲ್ಲಿನ ಹಾಗೆ ಕೂರುವುದೇ ಅದಕ್ಕೆ ಗೊತ್ತಿರುವ ದೊಡ್ಡ ಉಪಾಯ.

ಈಗ ದೂರದೇಶದಲ್ಲಿ ದುಡಿಯುವ ಮಗಳು ರೋಸೆಂದಾ ಚಿಕ್ಕವಳಿದ್ದಾಗ ಅವಳ ಹಟಕ್ಕೆ ಒಂದನ್ನು ತಂದುಕೊಟ್ಟಿದ್ದ. ಅವಳು ಬೂಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿದಳು. ನೊಣ ಹಿಡಿದು ಕೊಟ್ಟಳು, ಹಾಲು ಕೊಟ್ಟಳು, ಜೋಳದ ಅಂಬಲಿ ಕೊಟ್ಟಳು. ಅದು ಎಲ್ಲವನ್ನೂ ನೋಡಿತು. ತಿನ್ನಲಿಲ್ಲ. ಸೊಂಟದ ಮೂಳೆ ಕಾಣುವಷ್ಟು ಸೊರಗಿ ಸತ್ತಿತು. ಗುಡ್ಡಕ್ಕೆ ವಾಪಸ್ ಹೋಯಿತು ಎಂದು ಮಗಳಿಗೆ ಹೇಳಿದೆವು. ಆಮೇಲೆ ನಿಕಾನೋರ್ ಮನೆಗೆ ಒಂದನ್ನೂ ತರಲಿಲ್ಲ.

ಇರುವೆಯ ಜಗಳವಾದ ಆ ಸಂಜೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

"ತಗೋ, ನೀನು ಕೇಳಿದ ಔಷಧಿ."

ಇಣುಕಿದೆ. ಓತಿ. ಒಳ್ಳೆ ಮೈ ತುಂಬಿಕೊಂಡಿತ್ತು.

"ಕೆಂಪಿರುವೆ ಅಂದ್ರೆ ಇದಕ್ಕೆ ಪ್ರಾಣ," ಅಂದ. "ಕೂರಿಸಿ ಬಡಿಸೋದೇನೂ ಬೇಡ. ಉಪ್ಪು ಕಮ್ಮಿ ಅನ್ನಲ್ಲ."

"ನಿನಗಿಂತ ವಾಸಿ ಹಾಗಾದ್ರೆ."

"ಮೀಸೆ ಒಂದಿಲ್ಲ, ನೋಡು."

ಗೂಡಿನ ಹತ್ತಿರ ಬಿಡು ಎಂದೆ. ಬಿಸಿಲು ಹೋಗಿದೆ, ಮೈ ತಣ್ಣಗಾದರೆ ಇದು ತಿನ್ನುವುದಿಲ್ಲ ಎಂದ. ಬಟ್ಟೆ ಒಗೆಯುವ ಒಡಕು ತೊಟ್ಟಿಗೆ ಮರಳು ಹಾಕಿ ಅದರಲ್ಲಿ ಬಿಟ್ಟ. ಅದು ಆ ಕಡೆ ಈ ಕಡೆ ಮೈ ಅಲುಗಿಸುತ್ತ ಮರಳಿನೊಳಕ್ಕೆ ಇಳಿಯಿತು. ಕೊಂಬು ಮಾತ್ರ ಮೇಲೆ ಉಳಿಯಿತು.

"ನಾಳೆ ಬೇಗ ಬಂದು ನಾನೇ ಬಿಡ್ತೀನಿ. ನೀನು ಮುಟ್ಬೇಡ. ಗೂಡಿನ ಬಾಯಲ್ಲೇ ಇಟ್ಬಿಡ್ತೀಯ, ಇರುವೆ ಮುತ್ಕೊಂಡು ಅದನ್ನೇ ತಿಂತವೆ. ದೂರ ಬಿಡ್ಬೇಕು, ಅವು ಓಡಾಡೋ ದಾರಿ ಪಕ್ಕ. ಒಂದೊಂದಾಗಿ ಸಿಗ್ಬೇಕು ಅದಕ್ಕೆ."

ನಾನು ಅವನ ಮಾತು ಕೇಳಿದವಳಲ್ಲ. ಅದೊಂದು ಮಾತು ಕೇಳಿದೆ. ಮುಟ್ಟಲಿಲ್ಲ.

ಮಾರನೆಯ ದಿನ ಕತ್ತೆಗಳಷ್ಟೇ ಬಂದವು. ಹೊರೆ ಸರಿಯಾಗಿಯೇ ಕಟ್ಟಿತ್ತು. ಎಲೆನೋ ಹುಡುಕಿಕೊಂಡು ಹೋದ. ಜಾಲಿ ಮರದ ಬುಡದಲ್ಲಿ ಕೂತಿದ್ದನಂತೆ, ಮುಖದ ಮೇಲೆ ಟೋಪಿ. ನಿದ್ದೆ ಮಾಡುತ್ತಿದ್ದಾನೆಂದು ಎಲೆನೋ ಸ್ವಲ್ಪ ಹೊತ್ತು ಬೈದನಂತೆ. ವಾಪಸ್ ಬಂದು ಬಾಗಿಲಲ್ಲಿ ನಿಂತು "ಅತ್ತಿಗೆ, ಅಣ್ಣ ಏಳ್ಲಿಲ್ಲ" ಎಂದ. ನನಗೆ ವಿಷಯ ತಿಳಿದದ್ದು ಹಾಗೆ. ಎದೆ ನಿಂತುಹೋಗಿತ್ತು.

ಮಣ್ಣು ಮಾಡಿ ಬಂದು, ಅವನು ಮಲಗುತ್ತಿದ್ದ ಕೋಣೆಯ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಶಿಲುಬೆ ಬರೆದರು. ಇನ್ನು ಒಂಬತ್ತು ಸಂಜೆ ಜಪಮಾಲೆ. ಕೊನೆಯ ಸಂಜೆ ಆ ಪುಡಿಯನ್ನು ಬಳಿದುಕೊಂಡು ಶಿಲುಬೆ ಎತ್ತುವವರೆಗೆ ಮನೆ ಗುಡಿಸುವ ಹಾಗಿಲ್ಲ, ಸತ್ತವನ ಸಾಮಾನು ಹೊಸ್ತಿಲು ದಾಟುವ ಹಾಗಿಲ್ಲ. ಕೋಣೆ ಚಿಕ್ಕದು, ಹೆಂಗಸರು ಅಂಗಳದಲ್ಲೂ ಕೂರಬೇಕು. ಹಾಗಾಗಿ ಮೊದಲ ಸಂಜೆಗೆ ಮುಂಚೆಯೇ ಎಲೆನೋ ಒಂದು ಡಬ್ಬ ಡೀಸೆಲ್ ತಂದು ಇರುವೆ ಗೂಡಿಗೆ ಸುರಿದು ಬೆಂಕಿ ಹಚ್ಚಿದ.

"ಹೆಂಗಸ್ರು ಕಾಲು ಕೆರ್ಕೊಂಡು ಜಪ ಮಾಡೋಕಾಗುತ್ತಾ ಅತ್ತಿಗೆ? ಮುಗೀತು. ಇನ್ನೊಂದೂ ಏಳಲ್ಲ."

ಗಂಡನನ್ನು ವರ್ಷಗಟ್ಟಲೆ ಕೇಳಿದ ಕೆಲಸವನ್ನು ಮೈದುನ ಕೇಳದೆಯೇ ಮಾಡಿದ್ದ. ಒಳ್ಳೆಯದಾಯಿತು ಎಂದೆ. ಆಮೇಲೆ ತೊಟ್ಟಿಯ ನೆನಪಾಯಿತು.

ನಮ್ಮೂರಲ್ಲಿ ಜಪ ಹೇಳಿಸುವವಳು ಮೆಲಿತೋನಾ. ಎಲ್ಲಿಗೆ ಹೋದರೂ ಅವಳ ನಾಯಿ ಸುಲ್ತಾನ್ ಜೊತೆಗೆ. ಅವಳು ಕಣ್ಣು ಮುಚ್ಚಿ ಮಣಿ ಎಣಿಸುತ್ತಿದ್ದಾಗ ನಾಯಿ ಹೋಗಿ ತೊಟ್ಟಿಗೆ ಮೂತಿ ಹಾಕಿತು. ಮರುಗಳಿಗೆ ಕುಂಯ್‌ಗುಟ್ಟುತ್ತ ಹಿಂದಕ್ಕೆ ಹಾರಿ, ನೊರೆ ಸುರಿಸಿಕೊಂಡು ಬಾಯನ್ನು ನೆಲಕ್ಕೆ ಉಜ್ಜಿತು. ಮೂತಿಯೆಲ್ಲ ರಕ್ತ. ರಕ್ತ ನಾಯಿಯದಲ್ಲ. ಮೆಲಿತೋನಾ ತೊಟ್ಟಿ ನೋಡಿದಳು. ಓತಿ ಮೈ ಉಬ್ಬಿಸಿಕೊಂಡು ಕೂತಿತ್ತು, ಎರಡೂ ಕಣ್ಣಿನ ಮೂಲೆಯಲ್ಲಿ ರಕ್ತ.

"ಮರಿಯಮ್ಮನ ಹೋರಿ! ನೋಡ್ರೇ, ನಿಕಾನೋರನಿಗೋಸ್ಕರ ರಕ್ತ ಸುರಿಸಿ ಅಳ್ತಿದೆ!"

"ನಾಯಿ ಮೂತಿ ಹಾಕ್ತು, ಅದಕ್ಕೆ ಕಣ್ಣಿಂದ ರಕ್ತ ಚಿಮ್ಮಿಸ್ತು," ಎಂದೆ. "ನಾಯಿ ನರಿ ಬಂದ್ರೆ ಹಂಗೇ ಮಾಡುತ್ತೆ."

"ನೀನು ಒಂದ್ ಹನೀನೂ ಹಾಕಿಲ್ಲ, ಬ್ರಿಹಿದಾ. ಈ ಮನೇಲಿ ಯಾರಾದ್ರೂ ಅಳ್ಬೇಕಲ್ಲ."

ಅವಳು ಹೇಳಿದ್ದು ನಿಜ. ಬಂದವರಿಗೆಲ್ಲ ಕಾಫಿ ಕಾಯಿಸಬೇಕಾಗಿತ್ತು.

ಅಂದಿನಿಂದ ಓತಿ ದೇವರ ಪಾಲಾಯಿತು. ತೊಟ್ಟಿಯನ್ನು ಒಳಗೆ ತಂದು ಸುಣ್ಣದ ಶಿಲುಬೆಯ ತಲೆಯ ಹತ್ತಿರ ಇಟ್ಟರು. ಸುತ್ತ ಮೇಣದ ಬತ್ತಿ, ಕಾಗದದ ಹೂವು. ಪಕ್ಕದ ಊರಿನಿಂದಲೂ ಹೆಂಗಸರು ಬಂದರು. ನಿಕಾನೋರನ ಮುಖ ನೋಡಿದರೆ ಮಾತಾಡಿಸದವರೂ ಬಂದು ಓತಿಗೆ ಮೊಣಕಾಲೂರಿದರು. ಬಿಸಿಲು ಬೇಕು ಅದಕ್ಕೆ ಎಂದು ಬೆಳಿಗ್ಗೆ ನಾನು ತೊಟ್ಟಿಯನ್ನು ಹೊಸ್ತಿಲ ಒಳಗೆ ಬೀಳುವ ಬಿಸಿಲಿಗೆ ಎಳೆದಿಡುವುದು, ಬಿಸಿಲಲ್ಲಿ ಪಾಪ ಎಂದು ಅವರು ವಾಪಸ್ ಶಿಲುಬೆಯ ಹತ್ತಿರ ಇಡುವುದು. ತಣ್ಣನೆಯ ಕತ್ತಲೆಯಲ್ಲಿ ಅದು ಅಲುಗುತ್ತಿರಲಿಲ್ಲ. ಧ್ಯಾನ ಮಾಡುತ್ತಿದೆ ಎಂದರು.

ತಿನ್ನಲು ಏನೇನೋ ತಂದರು. ಬೇಯಿಸಿದ ಮೊಟ್ಟೆ, ಕರಬೂಜ, ಮಿಡತೆ, ಪಾಪಾಸುಕಳ್ಳಿಯ ಹಣ್ಣು. ಅದು ಎಲ್ಲವನ್ನೂ ನೋಡಿತು, ಬೂಟಿನ ಪೆಟ್ಟಿಗೆಯಲ್ಲಿದ್ದ ಓತಿ ನೋಡಿದ ಹಾಗೆಯೇ. ಮೆಲಿತೋನಾ ಮಂತ್ರಿಸಿದ ನೀರು ಚಿಮುಕಿಸಿದಾಗ ಮಾತ್ರ ಕಾಲು ಅಗಲಿಸಿ, ಬೆನ್ನು ಎತ್ತಿ, ತಲೆ ತಗ್ಗಿಸಿತು. ಬೆನ್ನಿನ ಮೇಲೆ ಬಿದ್ದ ನೀರು ಚರ್ಮದ ಗೀರುಗಳಲ್ಲೇ ಹರಿದು ಬಾಯಿಗೆ ಬಂತು.

"ತಲೆ ಬಾಗಿಸ್ತು!" ಎಂದಳು ಮೆಲಿತೋನಾ.

"ಬಾಯಾರಿತ್ತು," ಎಂದೆ.

ಉಳಿದದ್ದು ಇರುವೆ. ನನ್ನ ಅಂಗಳದಲ್ಲಿ ಅದೊಂದಕ್ಕೆ ಯಾವತ್ತೂ ಬರವಿರಲಿಲ್ಲ, ಈಗ ಒಂದೂ ಇಲ್ಲ. ಕೊಪ್ಪರಿಗೆಯ ದಾರಿಯಲ್ಲಿ ಇನ್ನೊಂದು ಗೂಡಿತ್ತು. ಕಾಫಿ ಡಬ್ಬ, ಚಮಚ ಹಿಡಿದುಕೊಂಡು ಹೋಗಿ ಕೂತೆ. ಕೊಲ್ಲಬೇಕೆಂದಿದ್ದ ಇರುವೆಗಳನ್ನು ಕಾಲು ಮುರಿಯದ ಹಾಗೆ ಒಂದೊಂದಾಗಿ ಎತ್ತಿಕೊಂಡೆ. ಕೈಯೆಲ್ಲ ಊದಿಕೊಂಡಿತು. ಮನೆಗೆ ಬಂದು ಡಬ್ಬವನ್ನು ತೊಟ್ಟಿಗೆ ಸುರಿದೆ. ಅದು ತಪ್ಪಾಯಿತು. ಇರುವೆಗಳೆಲ್ಲ ಸೇರಿ ಓತಿಯ ಕಣ್ಣಿಗೇ ಕಚ್ಚತೊಡಗಿದವು, ಅದು ಮರಳಿನೊಳಕ್ಕೆ ಮುಳುಗಿತು. ಉಳಿದ ಇರುವೆಗಳು ತೊಟ್ಟಿಯ ಒಡಕಿನಿಂದ ಹೊರಬಂದು ನೆಲದ ಚಾಪೆ ಸೇರಿದವು. ಆ ಸಂಜೆ ಜಪ ಬೇಗ ಮುಗಿಯಿತು.

ಮರುದಿನ ನಾಲ್ಕೈದೇ ಇರುವೆ ಬಿಟ್ಟು ನೋಡಿದೆ. ಮೂಗಿನ ಮುಂದೆಯೇ ಹಾದುಹೋದವು. ಓತಿ ಕಣ್ಣು ಬಿಡಲಿಲ್ಲ. ಕೈಗೆತ್ತಿಕೊಂಡೆ. ಮಡಕೆಯ ಚೂರಿನಷ್ಟು ತಣ್ಣಗಿತ್ತು. ಪಕ್ಕೆಯ ಚರ್ಮ ಸಡಿಲವಾಗಿ ಜೋತಿತ್ತು, ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಅದು ಸಾಯುವುದು ಖಂಡಿತ ಎಂದು ಗೊತ್ತಾಯಿತು. ಅವನು ನನಗೆಂದು ಕೊನೆಯ ಬಾರಿ ತಂದದ್ದು, ಅವನ ಶಿಲುಬೆಯ ತಲೆಯಲ್ಲೇ, ಮೇಣದ ಬತ್ತಿ ಹಚ್ಚಿಸಿಕೊಂಡು ಸಾಯುತ್ತದೆ.

ಸಂಜೆ ಮೆಲಿತೋನಾ ಬಂದಾಗ ಹೇಳಿದೆ. "ಇದನ್ನ ಗುಡ್ಡಕ್ಕೆ ಬಿಟ್ಟು ಬರ್ತೀನಿ."

"ಶಿಲುಬೆ ಎತ್ತೋ ತನಕ ಸತ್ತೋನ ವಸ್ತು ಹೊಸ್ತಿಲು ದಾಟ್ಬಾರ್ದು. ನಿಂಗೆ ಗೊತ್ತಿಲ್ವೇ?"

"ಅಷ್ಟರಲ್ಲಿ ಇದೂ ಸತ್ತೋಗುತ್ತೆ."

"ಸತ್ರೆ ಅವನ ಜೊತೆ ಹೋಯ್ತು ಅಂತ. ಎಂಥ ಪುಣ್ಯ ಹೇಳು!"

"ಅವನ ಜೊತೆ ಹೋಗೋಕೆ ಇದೇನು ಅವನ ಹೆಂಡ್ತಿನಾ?"

"ಛೀ, ಏನು ಬಾಯಿ ತಾಯಿ ನಿಂದು! ಆ ಬಡಪಾಯಿ ಗುಡ್ಡದಲ್ಲೇ ಯಾಕೆ ಮಲ್ಕೊಂಡ ಅಂತ ಈಗ ಗೊತ್ತಾಯ್ತು."

ಹೆಂಗಸರು ಜಪಮಾಲೆ ಕೆಳಗಿಟ್ಟರು. ನಾನು ಹೊರಗೆ ಹೋಗಿ ಕಾಫಿ ಕಾಯಿಸಿದೆ. ಅವಳಿಗೂ ಕೊಟ್ಟೆ, ಸಕ್ಕರೆ ಹಾಕಲಿಲ್ಲ.

ಬೆಳಿಗ್ಗೆ ಬಿಸಿಲು ಏರುತ್ತಿದ್ದಂತೆ ಓತಿಯನ್ನು ಅವನ ಟೋಪಿಯಲ್ಲಿ ಹಾಕಿಕೊಂಡು ಹೊಸ್ತಿಲು ದಾಟಿದೆ. ಎರಡೂ ಸತ್ತವನ ವಸ್ತುಗಳೇ. ಅಂಗಳದಲ್ಲಿ ಎಲೆನೋ ಕತ್ತೆಗಳಿಗೆ ನೀರು ಕುಡಿಸುತ್ತಿದ್ದ.

"ಅತ್ತಿಗೆ, ಮೆಲಿತೋನಾ ಕೇಳಿದ್ರೆ ಏನ್ ಹೇಳ್ಲಿ?"

"ನಿಮ್ಮಣ್ಣ ಅರ್ಧಕ್ಕೆ ಬಿಟ್ಟ ಕೆಲಸ ಒಂದಿತ್ತು ಅಂತ ಹೇಳು."

"ನಾನೂ ಬರ್ಲಾ?"

"ಬೇಡ. ನೀನು ಇನ್ನೇನನ್ನೂ ಸುಡದೆ ಇದ್ರೆ ಸಾಕು."

ನಿಕಾನೋರ್ ಸತ್ತ ಜಾಗವನ್ನು ನಾನು ನೋಡಿರಲಿಲ್ಲ. ಹೆಣ್ಣುಕತ್ತೆ ಕನೇಲಾಳ ಹಿಂದೆ ನಡೆದೆ. ಅವಳು ದಿನದ ದಾರಿ ಹಿಡಿದು ಹೋಗಿ ಒಂದು ಜಾಲಿ ಮರದ ಹತ್ತಿರ ತಾನೇ ನಿಂತಳು. ಹೊಡೆದರೂ ಮುಂದೆ ಹೋಗಲಿಲ್ಲ. ಸ್ವಲ್ಪ ಆಚೆ ಕೆಂಪಿರುವೆಗಳ ದೊಡ್ಡ ಗೂಡು. ಸುತ್ತ ಹುಲ್ಲು ಕಿತ್ತು, ಗುಡಿಸಿದ ಹಾಗೆ ಬೋಳು ನೆಲ. ಟೋಪಿಗೆ ಇದನ್ನು ಎಲ್ಲಿಂದ ಎತ್ತಿಕೊಂಡಿದ್ದ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಗೂಡಿನ ಬಾಯಲ್ಲಿ ಇಡಲಿಲ್ಲ. ದೂರ, ಇರುವೆ ಸಾಲಿನ ಪಕ್ಕ ಇಟ್ಟೆ. ಅದು ಹಾಗೇ ಕೂತಿತು. ನೆರಳಿದ್ದದ್ದು ಮರದ ಬುಡದಲ್ಲಿ ಮಾತ್ರ, ನಾನು ಅಲ್ಲಿ ಕೂತೆ. ಬಿಸಿಲು ಏರಿತು. ಓತಿ ಮೈಯನ್ನು ಇನ್ನಷ್ಟು ಚಪ್ಪಟೆ ಮಾಡಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟಿತು. ಒಂದು ಇರುವೆ ಹಾದುಹೋಯಿತು. ಇನ್ನೊಂದು ಹೋಯಿತು. ಆಮೇಲೆ ಓತಿ ತಲೆಯನ್ನು ಒಂದಿಷ್ಟು ವಾಲಿಸಿತು. ನಾಲಗೆ ಬಂದದ್ದು ನನಗೆ ಕಾಣಲಿಲ್ಲ. ಇರುವೆ ಇರಲಿಲ್ಲ, ಅಷ್ಟೇ. ಮತ್ತೊಂದು ಬಂತು, ಅದೂ ಇಲ್ಲವಾಯಿತು. ನನ್ನ ಕಡೆ ನೋಡದೆ, ಅವಸರವಿಲ್ಲದೆ ತಿನ್ನುತ್ತಿತ್ತು. ನಿಕಾನೋರನೂ ಹಾಗೇ ಉಣ್ಣುತ್ತಿದ್ದ.

ಅಲ್ಲಿ ಕೂತು ಅತ್ತುಬಿಟ್ಟೆ. ಕತ್ತೆ ಬಿಟ್ಟರೆ ಯಾರೂ ನೋಡಲಿಲ್ಲ. ಮೆಲಿತೋನಾಗೆ ಇನ್ನೂ ಹೇಳಿಲ್ಲ.

ಅವಳು ನನ್ನ ಜೊತೆ ಮಾತು ಬಿಟ್ಟಳು, ಶಿಲುಬೆ ಎತ್ತುವ ಸಂಜೆ ಬಂದಳು. ಖಾಲಿ ತೊಟ್ಟಿ ತೋರಿಸಿ, ಮಾತೆ ತನ್ನ ಹೋರಿಯನ್ನು ಕರೆಸಿಕೊಂಡಳು ಎಂದು ಎಲ್ಲರಿಗೂ ಹೇಳಿದಳು. "ಕರೆಸ್ಕೊಳ್ಲಿಲ್ಲ, ಟೋಪಿಯಲ್ಲಿ ಹೋಯ್ತು," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಈಗಲೂ ಊರಲ್ಲಿ ಆ ಕಥೆಯೇ ನಡೆಯುತ್ತದೆ.

ಮರುವರ್ಷ ಮೊದಲ ಮಳೆಗೆ ರೆಕ್ಕೆಯಿರುವೆಗಳು ಹಾರಿದವು. ಆಮೇಲೆ ತಂತಿಯ ಕೆಳಗೆ, ಸುಟ್ಟ ಜಾಗದ ಪಕ್ಕದಲ್ಲೇ, ಒಂದು ತೂತು ಕಂಡಿತು. ಎಲೆನೋ ಡಬ್ಬ ಹಿಡಿದುಕೊಂಡು ಬಂದ, ಪಾಪ. ಡಬ್ಬ ಕೆಳಗಿಡಿಸಿ, ತಂತಿಯನ್ನು ಬಿಚ್ಚಿಸಿ ಆ ಕಡೆ ಕಟ್ಟಿಸಿದೆ.

ಈಗ ದಿನಾ ಬೆಳಿಗ್ಗೆ ಒಲೆಯ ಮೇಲೆ ಕಾಫಿ ಇಟ್ಟು, ಒಂದು ಹಿಡಿ ಜೋಳದ ನುಚ್ಚು ತೆಗೆದುಕೊಂಡು ಅಂಗಳಕ್ಕೆ ಹೋಗುತ್ತೇನೆ. ಗೂಡಿನ ಬಾಯಿಗೆ ಹಾಕುವುದಿಲ್ಲ, ದೂರದಲ್ಲಿ, ಅವು ಓಡಾಡುವ ದಾರಿಯ ಪಕ್ಕ ಉದುರಿಸುತ್ತೇನೆ. ಒಂದಾದರೂ ಕಚ್ಚುತ್ತದೆ. ಆಮೇಲೆ ಅಂಗಳ ಗುಡಿಸುತ್ತೇನೆ. ಕಲ್ಲು ಕಂಡರೆ ಗುಡಿಸುವ ಮೊದಲು ಪೊರಕೆಯ ಹಿಡಿಯಿಂದ ಮೆಲ್ಲಗೆ ಮುಟ್ಟಿ ನೋಡುತ್ತೇನೆ, ಕಲ್ಲೇ ಹೌದೋ ಅಲ್ಲವೋ ಎಂದು.