ಕುಪ್ಪಳಿಸುವ ಸೆಕೆಂಡ್ ಮುಳ್ಳು

ಮೊನ್ನೆ ಕುಂದಲಹಳ್ಳಿಯಲ್ಲಿ ಮೆಟ್ರೋ ಹತ್ತಿದಾಗ ಕೂರಲು ಜಾಗವಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬ ಮೇಲಿನ ಹಿಡಿಕೆ ಹಿಡಿದಿದ್ದ. ಅವನ ಮಣಿಕಟ್ಟು ಸರಿಯಾಗಿ ನನ್ನ ಕಣ್ಣ ಮುಂದಿತ್ತು. ಸ್ಟೀಲ್ ಪಟ್ಟಿಯ ವಾಚು, ಕಡು ಹಸಿರು ಮುಖ, ಮೂರರ ಜಾಗದಲ್ಲಿ ತಾರೀಖಿನ ಪುಟ್ಟ ಕಿಟಕಿ. ಅದರ ಸೆಕೆಂಡ್ ಮುಳ್ಳು ನಿಂತು ನಿಂತು ಹೆಜ್ಜೆ ಇಡುತ್ತಿರಲಿಲ್ಲ, ಹರಿಯುವ ನೀರಿನಂತೆ ಒಂದೇ ಸಮನೆ ಜಾರುತ್ತಿತ್ತು. ಹೂಡಿಯ ನಮ್ಮ ಓನರಮ್ಮ ಅದನ್ನು ‘ನೀರು ಅರ್ದಂಗೆ’ ಎನ್ನುತ್ತಿದ್ದರು...

ಮದುವೆಯಾದ ಹೊಸದರಲ್ಲಿ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಅವರು ಹೂಡಿ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿದ್ದವರು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಕಟ್ಟಡ ನಿಂತಿದೆ. ಹೊಲ ಮಾರುವಾಗ ಯಜಮಾನರು ಹೆಂಡತಿಯನ್ನು ಕೇಳಿರಲಿಲ್ಲ. ಮಾರಿದ ವರ್ಷವೇ ತಮಗೊಂದು ಸ್ವಿಸ್ ವಾಚು ತಂದುಕೊಂಡರು. ಪಂಚೆ ಉಟ್ಟು, ತೋಳಿಲ್ಲದ ಬನಿಯನ್ ತೊಟ್ಟು, ಆ ವಾಚು ಕಟ್ಟಿಕೊಂಡೇ ಹಸುವಿನ ಮೈ ತೊಳೆಯುತ್ತಿದ್ದರು. ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ, ಮಲಗುವಾಗಲೂ ಬಿಚ್ಚುತ್ತಿರಲಿಲ್ಲ.

“ಒಲ ಕೊಟ್ಟು ಬಳೆ ತಂದವ್ರೆ ನೋಡಮ್ಮ, ಅವ್ರ ಕೈಗೆ,” ಎಂದು ಓನರಮ್ಮ ಗಂಡನಿಗೆ ಕೇಳುವಂತೆಯೇ ಅಣಕಿಸುತ್ತಿದ್ದರು. ಯಜಮಾನರು ಹಸುವಿನ ಬೆನ್ನು ಉಜ್ಜುತ್ತಲೇ ಇರುತ್ತಿದ್ದರು. ಆ ಮಾತಿನಲ್ಲಿ ತಮಾಷೆ ಎಷ್ಟು, ಸಿಟ್ಟು ಎಷ್ಟು ಎಂದು ಹೊಸಬಳಾದ ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಗ್ಗೆ ಯಜಮಾನರು ಎದ್ದೇಳಲಿಲ್ಲ. ಹೆಣಕ್ಕೆ ನೀರು ಹಾಕುವಾಗ ವಾಚು ಬಿಚ್ಚಿ ಓನರಮ್ಮನ ಕೈಗೆ ಕೊಟ್ಟರು. ಅವರು ಅದನ್ನು ಮದುವೆಯ ಸೀರೆಯ ಮಡಿಕೆಯಲ್ಲಿಟ್ಟು, ನುಸಿಗುಳಿಗೆ ವಾಸನೆಯ ಬೀರುವಿಗೆ ಬೀಗ ಹಾಕಿದರು. ತಿಥಿಯ ದಿನ ಅವರ ಬಳೆ ತೆಗೆಸಿದರು. ಸಂಜೆ ಬೀರು ತೆಗೆದು ನೋಡಿದರೆ ವಾಚು ನಿಂತಿತ್ತು.

“ಅವ್ರ ಜೊತೆಗೇ ಓಗ್ಬಿಡ್ತು ಕಣಮ್ಮ,” ಎಂದರು. ಅಷ್ಟು ದಿನ ಅಳದಿದ್ದವರು ಆಗ ಅತ್ತರು. ಆ ಮನೆಯಲ್ಲಿ ಅದು ನಿಂತದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಅವರಲ್ಲಿ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದೆಲ್ಲ ಬಾಳೆಎಲೆಯ ಮೇಲೆ, ಎಲೆಯ ಸುತ್ತ ಇರಬೇಕು. ಮುದ್ದೆ, ಕೋಳಿಸಾರು, ಬೀಡಿ ಕಟ್ಟು, ಹೊಸ ಪಂಚೆ. ಯಜಮಾನರ ಮೊದಲ ಎಡೆಯಲ್ಲಿ ಆ ವಾಚೂ ಇರಬೇಕು, ಅದು ಓಡುತ್ತಿರಬೇಕು ಎಂಬುದು ಓನರಮ್ಮನ ಒಂದೇ ಹಟ. ಬದುಕಿರುವಾಗ ಅದನ್ನು ಆಡಿಕೊಂಡಿದ್ದಕ್ಕೋ ಏನೋ... ನಾನು ಕೇಳಲಿಲ್ಲ.

ಹಿರಿಯ ಮಗ ಅದನ್ನು ವೈಟ್‌ಫೀಲ್ಡ್ ಕಡೆಯ ಗಾಜಿನ ಬಾಗಿಲಿನ ಅಂಗಡಿಯೊಂದಕ್ಕೆ ಕೊಟ್ಟುಬಂದ. ಒಳಗೆ ಸ್ಪ್ರಿಂಗ್ ಕಡಿದಿದೆ, ಚಕ್ರ ಸವೆದಿದೆ, ಪಾರ್ಟು ಸ್ವಿಟ್ಜರ್‌ಲ್ಯಾಂಡಿನಿಂದಲೇ ಬರಬೇಕು ಎಂದರಂತೆ. ಅಲ್ಲಿಂದ ಮುಂದೆ ಮಗ ಬೈಕು ನಿಲ್ಲಿಸುವುದೇ ತಡ, “ಬಂತೇನ್ಲಾ ಸ್ವಿಜರ್‌ಲ್ಯಾಂಡು?” ಎಂದು ಅವರು ಜಗಲಿಯಿಂದ ಕೂಗುವುದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು.

ಕೊನೆಗೂ ಬಂತು. ಓಡುತ್ತಲೂ ಇತ್ತು. ಆದರೆ ಓನರಮ್ಮ ಮಹಡಿ ಮೆಟ್ಟಿಲ ಬಳಿ ನಿಂತು, ತಾವು ನನಗಿಟ್ಟಿದ್ದ ಹೆಸರಿನಿಂದ ನನ್ನನ್ನು ಕರೆದರು. “ಏನಮ್ಮಾ ಕಾನ್ವೆಂಟು, ಇಳ್ದು ಬಾ ಒಸಿ. ಈ ಮುಳ್ಳು ನೋಡು. ಮುಂಚೆ ನೀರು ಅರ್ದಂಗೆ ಓಗೋದು. ಈಗ ಕಪ್ಪೆ ಕುಪ್ಪಳಿಸ್ದಂಗೆ ಕುಪ್ಪಳಿಸ್ತದೆ.”

ನಿಜವಾಗಿತ್ತು. ಮುಳ್ಳು ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರಿ, ನಡುಗಿ, ಮತ್ತೆ ಹಾರುತ್ತಿತ್ತು. “ಓಡ್ತಾ ಐತಲ್ಲವ್ವಾ, ಇನ್ನೇನ್ ಬೇಕು ನಿಂಗೆ?” ಎಂದು ಮಗ ರೇಗಿದ.

ಇಂಗ್ಲಿಷ್ ಬರುತ್ತದೆಂದು ನನ್ನನ್ನು ಕರೆದುಕೊಂಡು ಅವರು ಕಂಪನಿಯದೇ ಸರ್ವಿಸ್ ಸೆಂಟರಿಗೆ ಹೊರಟರು. ಅಲ್ಲಿ ಇಂಗ್ಲಿಷೇನೂ ಬೇಕಾಗಲಿಲ್ಲ. ಬಿಳಿ ಕೈಗವಸು ತೊಟ್ಟ ಹುಡುಗಿ ಮಖಮಲ್ಲಿನ ತಟ್ಟೆಯಲ್ಲಿ ವಾಚು ಒಳಗೆ ಒಯ್ದಳು. ಹೊರಗೆ ಬರುವಾಗ ಕೈಗವಸು ಇರಲಿಲ್ಲ. “ಸಾರಿ ಮೇಡಂ, ಒಳಗಿರೋ ಮಷಿನ್ ನಮ್ಮದಲ್ಲ. ಇದನ್ನ ನಾವು ಮುಟ್ಟೋ ಹಾಗಿಲ್ಲ,” ಎಂದು ತಟ್ಟೆಯನ್ನು ಒಂದೇ ಬೆರಳಿನಿಂದ ನಮ್ಮ ಕಡೆ ತಳ್ಳಿದಳು.

ಅಲ್ಲಿಂದ ಗಾಜಿನ ಬಾಗಿಲಿನ ಅಂಗಡಿಗೆ ಹೋದೆವು. ಅಲ್ಲಿ ಜ್ಯೂಸ್ ಅಂಗಡಿಯ ಬೋರ್ಡು ಏರಿಸುತ್ತಿದ್ದರು. ಹಳಬರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಸೊಸೆ ನಕ್ಕಳು. “ಹಂಗಾದ್ರೆ ಮಾವ ಇಷ್ಟು ದಿನ ಡೂಪ್ಲಿಕೇಟ್ ಕಟ್ಕೊಂಡು ಮೆರೀತಿದ್ರಾ?” ಮಗ ಆ ಮಾತನ್ನು ತಡೆಯಲಿಲ್ಲ. ವಿಚಾರಿಸದೆ ಎಲ್ಲೋ ಕೊಟ್ಟುಬಂದದ್ದು ತಾನು ಎಂಬುದು ಆ ನಗುವಿನಲ್ಲಿ ಮುಚ್ಚಿಹೋಯಿತಲ್ಲ!

“ಒಲ ಓದ್ರೂ ಓಯ್ತು. ಅವ್ರು ಕಟ್ಟಿದ್ದು ಸುಳ್ಳಲ್ಲ,” ಎಂದು ಓನರಮ್ಮ ನನಗೆ ಮಾತ್ರ ಹೇಳಿದರು.

ನನ್ನ ತವರು ಪೀಣ್ಯದ ಪಕ್ಕದ ರಾಜಗೋಪಾಲನಗರ. ಅಲ್ಲಿ ನಮ್ಮ ಬೀದಿಯಲ್ಲಿ ವಾಚು ಕಾರ್ಖಾನೆಯಿಂದ ನಿವೃತ್ತರಾದ ಅಂಕಲ್ ಒಬ್ಬರು ಮನೆಯಲ್ಲೇ ರಿಪೇರಿ ಮಾಡುತ್ತಿದ್ದರು. ಮುಂಗೋಪಿ, ಬಂದವರನ್ನು ಕೂರಿ ಎನ್ನುವವರಲ್ಲ. ಓನರಮ್ಮನನ್ನು ಅವರಲ್ಲಿಗೆ ಕರೆದೊಯ್ದೆ. ಅವರು ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, “ಥೂ” ಎಂದರು. ಒಳಗೆ ಬಿಳಿ ಪ್ಲಾಸ್ಟಿಕ್ ಬಳೆ, ಅದರ ನಡುವೆ ಬ್ಯಾಟರಿಯ ಚಿಕ್ಕ ಮಷಿನ್ನು. “ಹೊರಗಿಂದೆಲ್ಲ ಅಸಲಿ ಕಣ್ರೀ. ಒಳಗಿನ ಅಸಲಿ ಮಷಿನ್ ಎಗರಿಸಿ ಇದನ್ನ ತುರುಕವ್ರೆ. ಏನ್ ಕೆಟ್ಟಿತ್ತು ಅಂತ ಕೊಟ್ರಿ?”

“ನಿಂತೋಗಿತ್ತು ಸಾಮಿ. ಬೀರುನಾಗೆ ಇಟ್ಟಿದ್ದೆ.”

“ಯಾರೂ ಕಟ್ಕೊಂಡಿರ್ಲಿಲ್ವಾ?”

“ಇಲ್ಲ. ಅವ್ರು ಓದ್ರಲ್ಲ.”

ಅಂಕಲ್ ಭೂತಗನ್ನಡಿ ತೆಗೆದರು. “ಅಯ್ಯೋ, ಅದು ಕೆಟ್ಟೇ ಇರ್ಲಿಲ್ವಲ್ಲಮ್ಮಾ! ಅದಕ್ಕೆ ಬ್ಯಾಟರಿ ಇಲ್ಲ. ಕಟ್ಕೊಂಡೋರ ಕೈ ಆಡಿದ್ರೆ ಅದ್ರಲ್ಲೇ ಕೀ ತುಂಬ್ಕೊಳ್ಳುತ್ತೆ. ಬಿಚ್ಚಿಟ್ರೆ ಎರಡು ದಿನಕ್ಕೆ ನಿಲ್ಲುತ್ತೆ. ನೀವೇ ಕೈಗೆ ಕಟ್ಕೊಂಡು ಮನೆ ಗುಡಿಸಿದ್ರೂ ಓಡೋದು.”

ಓನರಮ್ಮ ಬಳೆಯಿಲ್ಲದ ಮಣಿಕಟ್ಟನ್ನು ನೋಡಿಕೊಂಡು, ಸೆರಗು ಎಳೆದು ಮುಚ್ಚಿಕೊಂಡರು.

ಅದೇ ತರಹದ ಮಷಿನ್ನು ಹುಡುಕುವುದಾಗಿ ಅಂಕಲ್ ಒಪ್ಪಿದರು. ಕಂಪನಿ ಹೊರಗಿನವರಿಗೆ ಒಂದು ಸ್ಕ್ರೂ ಕೂಡ ಮಾರುವುದಿಲ್ಲವಂತೆ. ಅವೆನ್ಯೂ ರಸ್ತೆಯ ಕಡೆ ತಮಗೆ ಗೊತ್ತಿದ್ದವರನ್ನೆಲ್ಲ ಕೇಳಿದರು, ಸಿಗಲಿಲ್ಲ. ಎಡೆ ಹತ್ತಿರ ಬಂದಾಗ ಅವರಿಂದ ಫೋನು ಬಂತು. ಮುಂಬೈಯಲ್ಲಿ ಒಬ್ಬನ ಬಳಿ ಇದೆ, ಅಸಲಿಯೇ, ತರಿಸಲಾ ಎಂದರು. ನಾನು ಸ್ಪೀಕರ್ ಹಾಕಿ ಫೋನನ್ನು ಓನರಮ್ಮನ ಮುಂದೆ ಹಿಡಿದೆ. ಅವರ ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿತು.

“ಅದು ಯಾರ್ದು ಸಾಮಿ?”

“ಯಾರ್ದೋ ವಾಚಿಂದ ತೆಗ್ದಿರ್ತಾರೆ.”

“ಅವ್ರಾಗಿ ಕೊಟ್ಟಿದ್ದೋ, ನಮ್ದು ಎಗರಿಸ್ದಂಗೆ ಎಗರಿಸಿದ್ದೋ?”

“ಅದನ್ನೆಲ್ಲ ಯಾರ್ ಕೇಳ್ತಾರಮ್ಮಾ? ಹಾಕ್ಲಾ ಬೇಡ್ವಾ, ಹೇಳಿ.”

ಅವರು ಜಗಲಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತರು. ಎಡೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. “ಬ್ಯಾಡ ಬುಡಿ,” ಎಂದರು ಕೊನೆಗೆ. “ಅವ್ಳ್ಯಾವ ಮುಂಡೆನೋ ಏನೋ, ನನ್ನಂಗೇ ಬೀರುನಾಗೆ ಇಟ್ಟಿದ್ಳೇನೋ... ಅದನ್ನ ತಂದು ಇವ್ರ ಎಡೆಗೆ ಇಡಾಕಾಯ್ತದಾ?”

ಹಾಗಾಗಿ ಯಜಮಾನರ ಎಡೆಯಲ್ಲಿ, ಬೀಡಿ ಕಟ್ಟಿನ ಪಕ್ಕ, ಆ ಮುಳ್ಳು ಕುಪ್ಪಳಿಸುತ್ತಲೇ ಇತ್ತು. ಎಲ್ಲರೂ ಕೈಮುಗಿದು ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆವು. ಸತ್ತವರು ಬಂದು ಉಣ್ಣುವ ಹೊತ್ತು ಅದು. ನನ್ನ ಪಕ್ಕದಲ್ಲಿದ್ದ ಓನರಮ್ಮ ತಲೆ ಎತ್ತಲಿಲ್ಲ. “ಗೊತ್ತಾಗ್ಬುಡ್ತದೆ ಅವ್ರಿಗೆ,” ಎಂದು ಗೊಣಗಿದರು.

ಮರುದಿನ ಬೆಳಗ್ಗೆ ವಾಚು ಅವರ ಕೈಯಲ್ಲಿತ್ತು. ಸಡಿಲವಾಗಿ ಮೊಣಕೈವರೆಗೂ ಜಾರುತ್ತಿತ್ತು. “ಅತ್ತೆ, ಗಂಡಸರ ವಾಚು, ಜನ ನೋಡ್ತಾರೆ,” ಎಂದಳು ಸೊಸೆ. “ನೋಡ್ಲಿ ಬುಡು. ಕಟ್ಕಬೇಕಾದಾಗ ಕಟ್ಕಳ್ನಿಲ್ಲ,” ಎಂದರು. ಬ್ಯಾಟರಿ ಮುಗಿದು ಮುಳ್ಳು ನಿಂತ ಮೇಲೂ ಬಿಚ್ಚಲಿಲ್ಲ. ಹಸುವಿನ ಮೈ ತೊಳೆಯುವಾಗಲೂ...

ನಾವು ಕುಂದಲಹಳ್ಳಿಗೆ ಮನೆ ಬದಲಾಯಿಸಿದ ಮೇಲೆ ಅವರೂ ಹೋದರು. ಅವರ ಎಡೆಗೆ ನನ್ನನ್ನು ಕರೆದಿದ್ದರು. ಎಲೆಯ ಸುತ್ತ ರೇಷ್ಮೆ ಸೀರೆ, ಕೋಡುಬಳೆ, ಎಲೆ ಅಡಿಕೆ ಎಲ್ಲ ಇತ್ತು. ವಾಚು ಕಾಣಲಿಲ್ಲ. ಸೊಸೆಯನ್ನು ಮೆಲ್ಲಗೆ ಕೇಳಿದೆ. “ಆ ಡೂಪ್ಲಿಕೇಟಾ ಅಕ್ಕ? ಆಸ್ಪತ್ರೇಲಿ ಬಿಚ್ಚಿದ್ರು. ಆಮೇಲೆ ಎಲ್ಲಿ ಹೋಯ್ತೋ, ಯಾರೂ ನೋಡ್ಲಿಲ್ಲ,” ಎಂದು ಪಾಯಸದ ಪಾತ್ರೆ ಎತ್ತಿಕೊಂಡು ಹೋದಳು.

ಮೆಟ್ರೋದಲ್ಲಿ ಆ ಯುವಕನಿಗೆ ನಾನು ನೋಡುತ್ತಿರುವುದು ತಿಳಿಯಿತು. ಸಂಕೋಚದಿಂದಲೇ ಕೇಳಿದೆ, “ಅದು ಬಿಚ್ಚಿಟ್ಟರೆ ನಿಂತುಹೋಗುತ್ತಾ?”

ಕಿವಿಯಿಂದ ಇಯರ್‌ಫೋನ್ ತೆಗೆದು ನಕ್ಕ. “ಹೌದು ಮೇಡಂ. ವೀಕೆಂಡ್ ಬಿಚ್ಚಿಟ್ರೆ ಸೋಮವಾರ ನಿಂತಿರುತ್ತೆ. ಏನಿಲ್ಲ, ಸ್ವಲ್ಪ ಅಲ್ಲಾಡಿಸಿದ್ರೆ ಮತ್ತೆ ಹೊರಟ್ಬಿಡುತ್ತೆ.” ತೋರಿಸಲೆಂದು ಮಣಿಕಟ್ಟನ್ನು ಒಮ್ಮೆ ಕೊಡವಿದ.

ಹೂಡಿ ಬಂತು. ಬಾಗಿಲು ತೆರೆಯಿತು. ಅಭ್ಯಾಸದಿಂದ ಒಂದು ಹೆಜ್ಜೆ ಮುಂದಿಟ್ಟವಳು ನಿಂತೆ. ಅಲ್ಲಿ ಇಳಿದರೆ ನನ್ನನ್ನು ಕಾನ್ವೆಂಟು ಎಂದು ಕರೆಯುವವರು ಈಗ ಯಾರೂ ಇಲ್ಲ.